ಅಪ್‌ಡೇಟ್ ನಂತರ ಕಂಪ್ಯೂಟರ್ ಮುನಿಸು: ಫಾರ್ಮ್ಯಾಟ್‌ಗೆ ಮುನ್ನ ಇಷ್ಟು ನೋಡಿ

ಕೊಪ್ಪಳ: ಭತ್ತದ ಸುಗ್ಗಿಯ ದಿನಗಳಲ್ಲಿ ಗಂಗಾವತಿ, ಕಾರಟಗಿ ಭಾಗದ ಅಕ್ಕಿ ಗಿರಣಿಗಳ ಮುಂದೆ ಟ್ರ್ಯಾಕ್ಟರ್ ಮತ್ತು ಲಾರಿಗಳ ಸಾಲು ಬೆಳಗಿನಿಂದಲೇ ನಿಲ್ಲುತ್ತದೆ. ಪ್ರತಿ ವಾಹನವೂ ವೇಬ್ರಿಡ್ಜ್ ಏರಿ, ತೂಕವಾಗಿ, ಚೀಟಿ ಕೈಗೆ ಬಂದ ನಂತರವೇ ಮುಂದಿನ ಮಾತು. ಹಮಾಲರ ಕೂಲಿ, ಲಾರಿ ಬಾಡಿಗೆ, ರೈತನ ಲೆಕ್ಕ ಎಲ್ಲವೂ ಆ ಚೀಟಿಗೆ ಕಟ್ಟುಬಿದ್ದಿವೆ. ಇಂಥ ಒಂದು ಬೆಳಿಗ್ಗೆಯನ್ನು ಊಹಿಸಿಕೊಳ್ಳಬಹುದು. ಲಾರಿ ವೇಬ್ರಿಡ್ಜ್ ಏರಿದೆ. ತೂಕ ತೋರಿಸುವ ಡಬ್ಬಿಯಲ್ಲಿ ಕೆಂಪು ಅಂಕಿಗಳು ಮೂಡಿವೆ. ಆದರೆ ಪಕ್ಕದ ಕಂಪ್ಯೂಟರಿನ ಪರದೆಯಲ್ಲಿ ಮಾತ್ರ ಸೊನ್ನೆ. ಹಿಂದಿನ ಸಂಜೆಯವರೆಗೆ ಎಲ್ಲವೂ ಸರಿಯಾಗಿತ್ತು. ರಾತ್ರಿ ಕಂಪ್ಯೂಟರ್ ತಾನಾಗಿಯೇ ಅಪ್‌ಡೇಟ್ ಆಗಿ ಮರುಚಾಲನೆಗೊಂಡಿತ್ತು, ಅಷ್ಟೆ.

ಕುಷ್ಟಗಿಯ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಮುದ್ರಿಸಬೇಕಾದ ಪ್ರಿಂಟರ್ ಇದೇ ರೀತಿ ಮುನಿಸಿಕೊಳ್ಳಬಹುದು. ಯಲಬುರ್ಗಾ ತಾಲ್ಲೂಕಿನ ಸೇವಾ ಕೇಂದ್ರದಲ್ಲಿ ಬೆರಳಚ್ಚು ಪಡೆಯುವ ಸಾಧನ ಮಂಕಾಗಬಹುದು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಮನೆಗಳಲ್ಲಿ ಲ್ಯಾಪ್‌ಟಾಪಿನ ಧ್ವನಿ ಅಡಗಬಹುದು, ವೈಫೈ ಕಾಣೆಯಾಗಬಹುದು. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಕೇಳಿಬರುವ ತೀರ್ಪು ಎರಡೇ: ‘ಸಾಧನ ಹೋಗಿದೆ, ಹೊಸದು ಹಾಕಿಸಿ’ ಅಥವಾ ‘ಫಾರ್ಮ್ಯಾಟ್ ಮಾಡಿಬಿಡೋಣ’.

ಮೊದಲನೆಯದರಿಂದ ಹಣ ಪೋಲಾಗುತ್ತದೆ. ಎರಡನೆಯದರಿಂದ ವರ್ಷಗಳ ದಾಖಲೆಯೇ ಅಳಿಸಿಹೋಗಬಹುದು. ವಾಸ್ತವವಾಗಿ, ಅಪ್‌ಡೇಟ್ ಆದ ಬೆನ್ನಲ್ಲೇ ಕೈಕೊಡುವ ಸಾಧನಗಳಲ್ಲಿ ಬಹುಪಾಲು ಕೆಟ್ಟಿರುವುದಿಲ್ಲ. ಕಂಪ್ಯೂಟರ್ ಮತ್ತು ಸಾಧನದ ನಡುವಿನ ಮಾತುಕತೆ ಮಾತ್ರ ಕಡಿದಿರುತ್ತದೆ. ಅದನ್ನು ಗುರುತಿಸುವುದು ಹೇಗೆ? ಇಲ್ಲಿದೆ ವಿವರ.

ಕೆಟ್ಟಿದ್ದು ಯಂತ್ರವೋ, ದುಭಾಷಿಯೋ?

ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣುವ, ಕೈಗೆ ಸಿಗುವ ಭಾಗಗಳೆಲ್ಲ ಯಂತ್ರಾಂಶ. ಅವುಗಳನ್ನು ಆಳುವ ವಿಂಡೋಸ್, ಲಿನಕ್ಸ್ ಮುಂತಾದವು ಕಾರ್ಯಾಚರಣ ವ್ಯವಸ್ಥೆಗಳು. ಇವೆರಡರ ಭಾಷೆ ಬೇರೆ ಬೇರೆ. ‘ಈ ಪುಟವನ್ನು ಮುದ್ರಿಸು’ ಎಂಬ ವಿಂಡೋಸ್ ಆದೇಶವನ್ನು ಆಯಾ ಪ್ರಿಂಟರಿಗೆ ತಿಳಿಯುವಂತೆ ಹೇಳಲು ನಡುವೆ ಒಂದು ಪುಟ್ಟ ತಂತ್ರಾಂಶ ಬೇಕು. ಇದನ್ನೇ ಡ್ರೈವರ್ ಅಥವಾ ಚಾಲಕ ತಂತ್ರಾಂಶ ಎನ್ನುತ್ತಾರೆ.

ಕೊಪ್ಪಳ ಸೀಮೆಯ ಹಿರಿಯರಿಗೆ ಇದನ್ನು ವಿವರಿಸುವುದು ಸುಲಭ. 1948ರವರೆಗೆ ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು, ರೈತನ ಭಾಷೆ ಕನ್ನಡ. ಎರಡೂ ಬಲ್ಲವನೊಬ್ಬ ನಡುವೆ ಇದ್ದರೆ ಮಾತ್ರ ಕಾಗದ ಮುಂದೆ ಹೋಗುತ್ತಿತ್ತು. ಆ ದುಭಾಷಿ ಒಂದು ದಿನ ಬಾರದಿದ್ದರೆ ಕಚೇರಿಯೂ ಇದೆ, ರೈತನೂ ಇದ್ದಾನೆ, ಕೆಲಸ ಮಾತ್ರ ನಿಂತಿದೆ. ಅಪ್‌ಡೇಟ್ ನಂತರ ಕಂಪ್ಯೂಟರಿನಲ್ಲಿ ಆಗುವುದು ಬಹುತೇಕ ಇದೇ.

ದುಭಾಷಿ ಕಾಣೆಯಾಗಲು ಕಾರಣಗಳು ಹಲವು. ಅಪ್‌ಡೇಟ್ ಜತೆಗೆ ವಿಂಡೋಸ್ ತನ್ನದೇ ಸಾಮಾನ್ಯ ಡ್ರೈವರನ್ನು ತಂದು, ತಯಾರಕರು ಕೊಟ್ಟಿದ್ದನ್ನು ಬದಿಗೆ ಸರಿಸಬಹುದು. ಹೊಸ ಭದ್ರತಾ ನಿಯಮಕ್ಕೆ ಹಳೆಯ ಡ್ರೈವರ್ ಒಗ್ಗದೆ ತಡೆಹಿಡಿಯಲ್ಪಡಬಹುದು. 32 ಬಿಟ್ ವ್ಯವಸ್ಥೆಗೆಂದು ಬರೆದ ಡ್ರೈವರ್ 64 ಬಿಟ್ ವ್ಯವಸ್ಥೆಯಲ್ಲಿ ಕೆಲಸ ಮಾಡುವುದೇ ಇಲ್ಲ. ವಿಂಡೋಸ್ 11 ಬರುವುದು 64 ಬಿಟ್ ರೂಪದಲ್ಲಿ ಮಾತ್ರ. ಹೀಗಾಗಿ ಹಳೆಯ 32 ಬಿಟ್ ಯಂತ್ರದಲ್ಲಿ ಚೆನ್ನಾಗಿ ನಡೆಯುತ್ತಿದ್ದ ಸ್ಕ್ಯಾನರ್ ಹೊಸ ಯಂತ್ರದಲ್ಲಿ ನಿರುಪಯುಕ್ತವೆನಿಸುವುದುಂಟು.

ಹೊಸ ತೊಂದರೆಯೇನಲ್ಲ

2007ರ ಜನವರಿಯಲ್ಲಿ ವಿಂಡೋಸ್ ವಿಸ್ಟಾ ಮಾರುಕಟ್ಟೆಗೆ ಬಂದಾಗಲೇ ವಿಶ್ವದಾದ್ಯಂತ ಈ ದೂರು ಕೇಳಿಬಂದಿತ್ತು. ಎಕ್ಸ್‌ಪಿಯಲ್ಲಿ ನಡೆಯುತ್ತಿದ್ದ ಅನೇಕ ಪ್ರಿಂಟರ್, ಸ್ಕ್ಯಾನರ್‌ಗಳಿಗೆ ತಯಾರಕರು ಹೊಸ ಡ್ರೈವರ್ ಸಿದ್ಧಪಡಿಸಿರಲಿಲ್ಲ.

2018ರ ಜನವರಿಯಲ್ಲಿ ಪ್ರೊಸೆಸರ್‌ಗಳ ಭದ್ರತಾ ಲೋಪ ಮುಚ್ಚಲು ಬಂದ ಅಪ್‌ಡೇಟ್‌ನಿಂದ ಎಎಂಡಿ ಪ್ರೊಸೆಸರ್ ಇದ್ದ ಕೆಲವು ಹಳೆಯ ಕಂಪ್ಯೂಟರುಗಳು ಆರಂಭವಾಗದೆ ನಿಂತವು. ಮೈಕ್ರೋಸಾಫ್ಟ್ ಅಂಥ ಯಂತ್ರಗಳಿಗೆ ವಿತರಣೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯೊಂದು ಕೆಲವು ಬಳಕೆದಾರರ ಕಡತಗಳನ್ನೇ ಅಳಿಸಿಹಾಕಿತು. ಕೆಲವೇ ದಿನಗಳಲ್ಲಿ ಹಿಂಪಡೆದ ಆ ಆವೃತ್ತಿ ದೋಷ ತಿದ್ದಿಕೊಂಡು ಮತ್ತೆ ಬಂದದ್ದು ನವೆಂಬರಿನಲ್ಲಿ.

2021ರ ಮಾರ್ಚ್‌ನಲ್ಲಿ ಮುದ್ರಣದ ಆದೇಶ ಕೊಟ್ಟೊಡನೆ ಪರದೆ ನೀಲಿಯಾಗಿ ಯಂತ್ರ ನಿಲ್ಲುವ ದೋಷ ಕಾಣಿಸಿತು. ಕ್ಯೊಸೆರಾ, ರಿಕೋ, ಜೀಬ್ರಾ ಕಂಪನಿಗಳ ಕೆಲವು ಪ್ರಿಂಟರ್ ಇದ್ದವರಿಗೆ ಇದರ ಬಿಸಿ ತಟ್ಟಿತು. 2025ರ ಅಕ್ಟೋಬರ್ 14ರ ವಿಂಡೋಸ್ 11 ಅಪ್‌ಡೇಟ್ ನಂತರ, ಕೆಟ್ಟ ಯಂತ್ರವನ್ನು ಸರಿಪಡಿಸಲೆಂದೇ ಇರುವ ದುರಸ್ತಿ ಪರದೆಯಲ್ಲಿ ಯುಎಸ್‌ಬಿ ಕೀಲಿಮಣೆ ಮತ್ತು ಮೌಸ್ ಸ್ಪಂದಿಸದಾದವು. ಅಕ್ಟೋಬರ್ 20ರಂದು ಕಂಪನಿ ತುರ್ತು ತಿದ್ದುಪಡಿ ಬಿಡುಗಡೆ ಮಾಡಿತು.

ಇವುಗಳಲ್ಲಿ ಒಂದರಲ್ಲೂ ಪ್ರಿಂಟರ್, ಕೀಲಿಮಣೆ ಅಥವಾ ಪ್ರೊಸೆಸರ್ ಸುಟ್ಟುಹೋಗಿರಲಿಲ್ಲ ಎಂಬುದು ಗಮನಾರ್ಹ. ಆ ವಾರ ಹೊಸ ಕೀಲಿಮಣೆ ಕೊಂಡವರ ಹಣ ವ್ಯರ್ಥವಾಯಿತೇ ಹೊರತು ತೊಂದರೆ ನೀಗಲಿಲ್ಲ.

ಮೊದಲ ಹತ್ತು ನಿಮಿಷ

ತಂತ್ರಜ್ಞರನ್ನು ಕರೆಸುವ ಮೊದಲು ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆಗಳಿವೆ.

* ಪರದೆಯಲ್ಲಿ ಮೂಡಿದ ದೋಷ ಸಂದೇಶವನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಬೇಕು. ‘ಏನೋ ಇಂಗ್ಲಿಷಿನಲ್ಲಿ ಬಂತು’ ಎಂಬ ಮಾತಿನಿಂದ ಯಾರಿಗೂ ಉಪಯೋಗವಿಲ್ಲ.

* ಕಂಪ್ಯೂಟರನ್ನು ‘ಶಟ್‌ಡೌನ್’ ಮಾಡದೆ ‘ರಿಸ್ಟಾರ್ಟ್’ ಮಾಡಬೇಕು. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಚಾಲೂ ಇದ್ದಾಗ ಶಟ್‌ಡೌನ್ ಮಾಡಿದರೂ ವಿಂಡೋಸ್ ತನ್ನ ಒಳಗಿನ ಸ್ಥಿತಿಯನ್ನು ಉಳಿಸಿಟ್ಟುಕೊಂಡು ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ರಿಸ್ಟಾರ್ಟ್ ಮಾಡಿದರೆ ಮಾತ್ರ ಡ್ರೈವರುಗಳು ಹೊಸದಾಗಿ ಜಾಗೃತಗೊಳ್ಳುತ್ತವೆ.

* ಸಾಧನದ ವೈರನ್ನು ಕಿತ್ತು, ಅರ್ಧ ನಿಮಿಷ ಬಿಟ್ಟು, ಬೇರೊಂದು ಯುಎಸ್‌ಬಿ ಕಿಂಡಿಗೆ ಹಾಕಿ ನೋಡಬೇಕು.

* ಅದೇ ಸಾಧನವನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ನೋಡಬೇಕು. ಅಲ್ಲಿ ಕೆಲಸ ಮಾಡಿದರೆ ಸಾಧನ ಸರಿಯಿದೆ ಎಂದರ್ಥ.

* ಕಂಪ್ಯೂಟರಿನ ದಿನಾಂಕ, ಸಮಯ ಸರಿಯಿದೆಯೇ ಎಂದು ನೋಡಬೇಕು. ಇದರ ಮಹತ್ವ ಮುಂದೆ ತಿಳಿಯುತ್ತದೆ.

ಕೀಲಿಮಣೆ ಅಥವಾ ಪರದೆಯ ತೊಂದರೆಯಾಗಿದ್ದರೆ ಇನ್ನೊಂದು ನಿರ್ಣಾಯಕ ಪರೀಕ್ಷೆಯಿದೆ. ಕಂಪ್ಯೂಟರ್ ಆನ್ ಆದೊಡನೆ ಎಫ್2 ಅಥವಾ ಡಿಲೀಟ್ ಕೀಲಿ ಒತ್ತಿದರೆ ಹೆಚ್ಚಿನ ಯಂತ್ರಗಳಲ್ಲಿ ಬಯಾಸ್ ಪರದೆ ತೆರೆದುಕೊಳ್ಳುತ್ತದೆ. ಈ ಹಂತದಲ್ಲಿ ವಿಂಡೋಸ್ ಇನ್ನೂ ಆರಂಭವೇ ಆಗಿರುವುದಿಲ್ಲ. ಅಲ್ಲಿ ಕೀಲಿಮಣೆ ಕೆಲಸ ಮಾಡಿ, ವಿಂಡೋಸ್ ಬಂದ ಮೇಲೆ ನಿಂತರೆ ದೋಷ ತಂತ್ರಾಂಶದ್ದು. ಅಲ್ಲಿಯೂ ಸ್ಪಂದಿಸದಿದ್ದರೆ ಕೀಲಿಮಣೆ, ವೈರ್ ಅಥವಾ ಕಿಂಡಿಯ ಕಡೆಗೆ ಅನುಮಾನ ತಿರುಗಿಸಬೇಕು. ಪೆನ್‌ಡ್ರೈವ್‌ನಿಂದ ನೇರವಾಗಿ ನಡೆಯುವ ಉಬುಂಟುವಿನಂಥ ಲಿನಕ್ಸ್ ಬಳಸಿಯೂ ಇದೇ ಪರೀಕ್ಷೆ ಮಾಡಬಹುದು. ವಿಂಡೋಸ್‌ನಲ್ಲಿ ಕಾಣದ ವೈಫೈ ಅಲ್ಲಿ ಕಂಡರೆ ಹೊಸ ಕಾರ್ಡ್ ಕೊಳ್ಳುವ ಅಗತ್ಯವಿಲ್ಲ.

ರೋಗ ತಿಳಿಸುವ ಸಂಖ್ಯೆಗಳು

ವಿಂಡೋಸ್‌ನಲ್ಲಿ ‘ಡಿವೈಸ್ ಮ್ಯಾನೇಜರ್’ ಎಂಬ ವಿಭಾಗವಿದೆ. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಪಟ್ಟಿಯಲ್ಲಿ ಇದು ಸಿಗುತ್ತದೆ. ಯಂತ್ರಕ್ಕೆ ಜೋಡಿಸಿದ ಎಲ್ಲ ಸಾಧನಗಳ ಹಾಜರಿ ಪುಸ್ತಕವಿದು. ತೊಂದರೆಯಲ್ಲಿರುವ ಸಾಧನದ ಪಕ್ಕ ಹಳದಿ ಬಣ್ಣದ ಎಚ್ಚರಿಕೆ ಗುರುತು ಇರುತ್ತದೆ. ಅದರ ಮೇಲೆ ಎರಡು ಬಾರಿ ಒತ್ತಿದರೆ ಒಂದು ಸಂಖ್ಯೆ ಕಾಣುತ್ತದೆ.

ಸಂಖ್ಯೆ 28 ಇದ್ದರೆ ಡ್ರೈವರ್ ಇಲ್ಲವೇ ಇಲ್ಲ ಎಂದರ್ಥ. ಸಂಖ್ಯೆ 10 ಎಂದರೆ ಸಾಧನ ಆರಂಭವಾಗುತ್ತಿಲ್ಲ. ಹೊಂದಿಕೊಳ್ಳದ ಡ್ರೈವರ್ ಇದಕ್ಕೆ ಸಾಮಾನ್ಯ ಕಾರಣ. ಸಂಖ್ಯೆ 52 ಇದ್ದರೆ ಡ್ರೈವರಿನ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ. ಸಂಖ್ಯೆ 43 ಇದ್ದರೆ ತುಸು ಎಚ್ಚರ ಬೇಕು. ಸಾಧನವೇ ತನ್ನಲ್ಲಿ ತೊಂದರೆಯಿದೆ ಎಂದು ವರದಿ ಮಾಡಿರುವುದರಿಂದ ಇಲ್ಲಿ ಯಂತ್ರಾಂಶದ ದೋಷವೂ ಇರಬಹುದು.

ಇದೇ ಕಿಟಕಿಯ ‘ಡ್ರೈವರ್’ ಪುಟದಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಎಂಬ ಗುಂಡಿಯಿದೆ. ಅಪ್‌ಡೇಟ್‌ನಿಂದ ಡ್ರೈವರ್ ಬದಲಾಗಿದ್ದರೆ ಹಳೆಯದನ್ನು ಮರಳಿ ತರಲು ಇದೊಂದೇ ಸಾಕು. ಆ ಗುಂಡಿ ಮಂಕಾಗಿದ್ದರೆ ಸಾಧನವನ್ನು ‘ಅನ್‌ಇನ್‌ಸ್ಟಾಲ್’ ಮಾಡಿ, ಯಂತ್ರವನ್ನು ರಿಸ್ಟಾರ್ಟ್ ಮಾಡಿ, ತಯಾರಕರ ತಾಣದಿಂದ ಡ್ರೈವರ್ ಪಡೆದು ಹಾಕಬೇಕು. ಲ್ಯಾಪ್‌ಟಾಪ್ ಆಗಿದ್ದರೆ ಅದರ ತಳದಲ್ಲಿ ಬರೆದಿರುವ ಮಾದರಿ ಸಂಖ್ಯೆಯೇ ದಾರಿದೀಪ. ‘ಎಲ್ಲ ಡ್ರೈವರ್ ಒಂದೇ ಏಟಿಗೆ’ ಎಂದು ಜಾಹೀರಾತು ಕೊಡುವ ಅಪರಿಚಿತ ತಂತ್ರಾಂಶಗಳಿಂದ ದೂರವಿರುವುದು ಕ್ಷೇಮ.

ವೈಫೈ ಹೋಗಿ ಅಂತರಜಾಲವೇ ಇಲ್ಲದಿದ್ದರೆ? ಮೊಬೈಲನ್ನು ಯುಎಸ್‌ಬಿ ವೈರಿನಿಂದ ಜೋಡಿಸಿ, ಅದರಲ್ಲಿ ‘ಯುಎಸ್‌ಬಿ ಟೆದರಿಂಗ್’ ಚಾಲೂ ಮಾಡಿದರೆ ಆ ಹೊತ್ತಿನ ಕೆಲಸ ನಡೆಯುತ್ತದೆ.

ವೇಬ್ರಿಡ್ಜ್‌ನಲ್ಲಿ ಆಗಿದ್ದೇನು?

ಗಂಗಾವತಿಯ ಗಿರಣಿಯ ಉದಾಹರಣೆಗೆ ಮರಳಬಹುದು. ವೇಬ್ರಿಡ್ಜ್ ಕೆಳಗಿನ ಲೋಡ್‌ಸೆಲ್‌ಗಳು ಭಾರವನ್ನು ಗ್ರಹಿಸುತ್ತವೆ. ಅದನ್ನು ಅಂಕಿಯಾಗಿಸುವುದು ಇಂಡಿಕೇಟರ್ ಎಂಬ ಡಬ್ಬಿ. ಅಲ್ಲಿಂದ ಕಂಪ್ಯೂಟರಿಗೆ ಮಾಹಿತಿ ಸಾಗುವುದು ಸಾಮಾನ್ಯವಾಗಿ ಸೀರಿಯಲ್ ಪೋರ್ಟ್ ಎಂಬ ಹಳೆಯ ಕಾಲದ ಕಿಂಡಿಯ ಮೂಲಕ. ಹೊಸ ಕಂಪ್ಯೂಟರುಗಳಲ್ಲಿ ಆ ಕಿಂಡಿ ಅಪರೂಪ. ಹೀಗಾಗಿ ಸೀರಿಯಲ್ ವೈರನ್ನು ಯುಎಸ್‌ಬಿಗೆ ಪರಿವರ್ತಿಸುವ ಪುಟ್ಟ ಕನ್ವರ್ಟರ್ ಬಳಸುತ್ತಾರೆ.

ಇಂಡಿಕೇಟರಿನಲ್ಲಿ ಅಂಕಿ ಸರಿಯಾಗಿ ಮೂಡುತ್ತಿದ್ದರೆ ಲೋಡ್‌ಸೆಲ್‌ಗೂ ಇಂಡಿಕೇಟರಿಗೂ ದೋಷವಿಲ್ಲ ಎಂಬುದು ಅಲ್ಲಿಗೇ ಖಚಿತ. ಅನುಮಾನ ಉಳಿಯುವುದು ಕನ್ವರ್ಟರ್ ಮತ್ತು ಅದರ ಡ್ರೈವರ್ ಮೇಲೆ.

ಮೊದಲ ಸಾಧ್ಯತೆ, ಪೋರ್ಟ್ ಸಂಖ್ಯೆ ಬದಲಾಗಿರುವುದು. ತೂಕದ ತಂತ್ರಾಂಶ ‘ಕಾಮ್ 3’ ಎಂಬ ವಿಳಾಸದಲ್ಲಿ ಕಾಯುತ್ತಿದ್ದರೆ, ಅಪ್‌ಡೇಟ್ ಆದ ಮೇಲೆ ಅಥವಾ ಕನ್ವರ್ಟರನ್ನು ಬೇರೆ ಕಿಂಡಿಗೆ ಹಾಕಿದ ಮೇಲೆ ವಿಂಡೋಸ್ ಅದಕ್ಕೆ ‘ಕಾಮ್ 5’ ಎಂಬ ಹೊಸ ವಿಳಾಸ ಕೊಟ್ಟಿರಬಹುದು. ಡಿವೈಸ್ ಮ್ಯಾನೇಜರಿನ ‘ಪೋರ್ಟ್ಸ್’ ವಿಭಾಗದಲ್ಲಿ ಸಾಧನದ ‘ಪೋರ್ಟ್ ಸೆಟ್ಟಿಂಗ್ಸ್’, ನಂತರ ‘ಅಡ್ವಾನ್ಸ್ಡ್’ ಆರಿಸಿ ಹಳೆಯ ಸಂಖ್ಯೆಯನ್ನೇ ಮರಳಿ ಕೊಡಬಹುದು. ಐದು ನಿಮಿಷದ ಈ ಕೆಲಸಕ್ಕೆ ಒಂದು ರೂಪಾಯಿಯೂ ಬೇಕಿಲ್ಲ.

ಎರಡನೆಯ ಸಾಧ್ಯತೆ ಕನ್ವರ್ಟರಿನೊಳಗಿನ ಚಿಪ್‌ಗೆ ಸಂಬಂಧಿಸಿದ್ದು. ಅಗ್ಗದ ಕನ್ವರ್ಟರುಗಳಲ್ಲಿ ಪ್ರೊಲಿಫಿಕ್ ಕಂಪನಿಯ ಪಿಎಲ್-2303 ಸರಣಿಯ ಹಳೆಯ ಚಿಪ್‌ಗಳು ಅಥವಾ ಅವುಗಳ ನಕಲುಗಳು ಧಾರಾಳವಾಗಿವೆ. ಸರಣಿಯ ಹಳೆಯ ಮಾದರಿಯೊಂದನ್ನು ಕಂಪನಿ 2012ರಲ್ಲೇ ಕೈಬಿಟ್ಟಿದ್ದು, ಅದರ ಹೊಸ ಡ್ರೈವರುಗಳು ಅದಕ್ಕೆ ಸ್ಪಂದಿಸುವುದಿಲ್ಲ. ‘2012ರಿಂದ ಕೈಬಿಡಲಾಗಿದೆ, ಮಾರಾಟಗಾರರನ್ನು ಸಂಪರ್ಕಿಸಿ’ ಎಂಬರ್ಥದ ಇಂಗ್ಲಿಷ್ ಸಾಲು ಡಿವೈಸ್ ಮ್ಯಾನೇಜರಿನಲ್ಲಿ ಕಂಡರೆ ಕಾರಣ ಇದೇ. ಎಫ್‌ಟಿಡಿಐ ಕಂಪನಿಯ ಪ್ರಕರಣ ಇನ್ನೂ ವಿವಾದ ಎಬ್ಬಿಸಿತ್ತು. 2014ರಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಬಂದ ಅದರ ಡ್ರೈವರ್, ನಕಲಿ ಚಿಪ್‌ಗಳ ಗುರುತು ಸಂಖ್ಯೆಯನ್ನೇ ಸೊನ್ನೆಯಾಗಿಸಿ ಅವುಗಳನ್ನು ನಿಷ್ಕ್ರಿಯಗೊಳಿಸಿತು. ಟೀಕೆ ಬಂದ ನಂತರ ಆ ಡ್ರೈವರನ್ನು ಹಿಂಪಡೆಯಲಾಯಿತು.

ಹಳೆಯ ಡ್ರೈವರಿಗೆ ಮರಳಿದರೆ ತಾತ್ಕಾಲಿಕವಾಗಿ ಕೆಲಸ ನಡೆಯುತ್ತದೆ. ಶಾಶ್ವತ ಪರಿಹಾರವೆಂದರೆ ಕೆಲವು ನೂರು ರೂಪಾಯಿಗೆ ಸಿಗುವ ಅಸಲಿ ಚಿಪ್‌ನ ಹೊಸ ಕನ್ವರ್ಟರ್. ಗಿರಣಿಯಲ್ಲಿ ಇಂಥದ್ದೊಂದು ಹೆಚ್ಚುವರಿಯಾಗಿ ಇರುವುದು ಒಳ್ಳೆಯದು. ಸುಗ್ಗಿಯ ನಡುವೆ ಹುಬ್ಬಳ್ಳಿಗೋ ಬೆಂಗಳೂರಿನ ಎಸ್.ಪಿ. ರಸ್ತೆಗೋ ಆಳು ಕಳುಹಿಸುವ ಪ್ರಸಂಗ ತಪ್ಪುತ್ತದೆ.

ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಇಂಡಿಕೇಟರನ್ನು ಬಿಚ್ಚಿ ನೋಡಲು ಯಾರಿಗೂ ಅವಕಾಶ ಕೊಡಬಾರದು. ವ್ಯಾಪಾರಕ್ಕೆ ಬಳಸುವ ತೂಕದ ಯಂತ್ರವನ್ನು ಕಾನೂನು ಮಾಪನ ಇಲಾಖೆ ಪರಿಶೀಲಿಸಿ ಮುದ್ರೆ ಹಾಕಿರುತ್ತದೆ. ಮುದ್ರೆ ಒಡೆದರೆ ಮರುಪರಿಶೀಲನೆ ಆಗುವವರೆಗೆ ಆ ಯಂತ್ರದಲ್ಲಿ ತೂಗುವಂತಿಲ್ಲ. ಕಂಪ್ಯೂಟರಿನ ಒಂದು ಸಣ್ಣ ತೊಡಕಿಗೆ ಇಡೀ ವೇಬ್ರಿಡ್ಜ್ ಮುಚ್ಚಿಸಿಕೊಂಡಂತಾಗುತ್ತದೆ. ದುರಸ್ತಿಯಾಗುವವರೆಗೆ ಇಂಡಿಕೇಟರಿನ ಅಂಕಿಯನ್ನು ರೈತನ ಎದುರಿನಲ್ಲೇ ಓದಿ, ಎರಡು ಪ್ರತಿಯ ಕೈಬರಹದ ಚೀಟಿ ಕೊಟ್ಟರೆ ಸಾಲು ಕರಗುತ್ತದೆ.

ಪ್ರಿಂಟರ್: ನೂರೆಂಟು ತಕರಾರು

ಅಪ್‌ಡೇಟ್ ನಂತರ ಅತಿ ಹೆಚ್ಚು ದೂರು ಕೇಳಿಬರುವುದು ಪ್ರಿಂಟರಿನ ಬಗ್ಗೆ. ಮೊದಲು ಪ್ರಿಂಟರ್ ಸ್ವತಃ ಆರೋಗ್ಯವಾಗಿದೆಯೇ ಎಂದು ನೋಡಬೇಕು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳ ಹಲವು ಮಾದರಿಗಳಲ್ಲಿ ಲೈನ್‌ಫೀಡ್ ಗುಂಡಿ ಒತ್ತಿ ಹಿಡಿದು ಆನ್ ಮಾಡಿದರೆ, ಕಂಪ್ಯೂಟರಿನ ಹಂಗಿಲ್ಲದೆ ಪರೀಕ್ಷಾ ಪುಟ ಮುದ್ರಣವಾಗುತ್ತದೆ. ಅದು ಬಂತೆಂದರೆ ಪ್ರಿಂಟರಿನ ಮುದ್ರಣ ಭಾಗ ನಿರ್ದೋಷಿ.

ಮುಂದೆ, ಪ್ರಿಂಟರ್ ಪಟ್ಟಿಯಲ್ಲಿ ಒಂದೇ ಪ್ರಿಂಟರಿನ ಎರಡು ಹೆಸರುಗಳಿವೆಯೇ ಎಂದು ನೋಡಬೇಕು. ಎರಡನೆಯದಕ್ಕೆ ‘ಕಾಪಿ 1’ ಎಂಬ ಬಾಲವಿರುತ್ತದೆ. ಅಪ್‌ಡೇಟ್ ನಂತರ ವಿಂಡೋಸ್ ಅದನ್ನು ಹೊಸ ಸಾಧನವೆಂದು ಬಗೆದಿರುತ್ತದೆ, ಆದರೆ ಆದೇಶಗಳು ಹಳೆಯ ಹೆಸರಿಗೇ ಹೋಗುತ್ತಿರುತ್ತವೆ. ಸರಿಯಾದುದನ್ನು ‘ಡಿಫಾಲ್ಟ್’ ಮಾಡಿದರೆ ಸಾಕು. ಸಾಲಿನಲ್ಲಿ ಸಿಕ್ಕಿಬಿದ್ದ ಕೆಲಸಗಳಿದ್ದರೆ ‘ಸರ್ವಿಸಸ್’ ಪಟ್ಟಿಯಲ್ಲಿ ‘ಪ್ರಿಂಟ್ ಸ್ಪೂಲರ್’ ಸೇವೆಯನ್ನು ನಿಲ್ಲಿಸಿ ಮತ್ತೆ ಆರಂಭಿಸಬೇಕು.

ಒಂದೇ ಪ್ರಿಂಟರನ್ನು ನಾಲ್ಕಾರು ಕಂಪ್ಯೂಟರುಗಳು ಹಂಚಿಕೊಂಡ ಕಚೇರಿಗಳಿಗೆ 2021 ಕಹಿ ವರ್ಷ. ‘ಪ್ರಿಂಟ್‌ನೈಟ್‌ಮೇರ್’ ಎಂಬ ಭದ್ರತಾ ಲೋಪ ಬಯಲಾದ ನಂತರ, ಆ ವರ್ಷದ ಆಗಸ್ಟ್‌ನಿಂದ ಪ್ರಿಂಟರ್ ಡ್ರೈವರ್ ಹಾಕಲು ನಿರ್ವಾಹಕರ ಅನುಮತಿಯನ್ನು ಮೈಕ್ರೋಸಾಫ್ಟ್ ಕಡ್ಡಾಯಗೊಳಿಸಿತು. ಸೆಪ್ಟೆಂಬರ್ ಅಪ್‌ಡೇಟ್ ಬಳಿಕ ‘11ಬಿ’ ಎಂದು ಕೊನೆಗೊಳ್ಳುವ ದೋಷ ಸಂಖ್ಯೆ ತೋರಿಸಿ ಹಂಚಿಕೆಯ ಮುದ್ರಣವೇ ನಿಂತ ಉದಾಹರಣೆಗಳು ವ್ಯಾಪಕವಾಗಿದ್ದವು. ಪ್ರಿಂಟರ್ ಜೋಡಿಸಿದ ಯಂತ್ರ ಮತ್ತು ಉಳಿದ ಯಂತ್ರಗಳ ಅಪ್‌ಡೇಟ್ ಮಟ್ಟ ಒಂದೇ ಇರುವಂತೆ ನೋಡಿಕೊಳ್ಳುವುದು ಇಂಥಲ್ಲಿ ಮೊದಲ ಹೆಜ್ಜೆ.

2025ರ ಜನವರಿ ಅಂತ್ಯದಲ್ಲಿ ಬಂದ ಅಪ್‌ಡೇಟ್ ನಂತರ ಕೆಲವು ಯುಎಸ್‌ಬಿ ಪ್ರಿಂಟರುಗಳು ಯಾರೂ ಕೇಳದಿದ್ದರೂ ಅರ್ಥವಿಲ್ಲದ ಅಕ್ಷರಗಳನ್ನು ಪುಟಗಟ್ಟಲೆ ಮುದ್ರಿಸತೊಡಗಿದ್ದವು. ವೈರಸ್ ಎಂದು ಹೆದರಿದವರೂ ಇದ್ದಿರಬಹುದು. ಅದು ವಿಂಡೋಸ್ ಮತ್ತು ಪ್ರಿಂಟರ್ ನಡುವಿನ ಒಳಮಾತು ಕಾಗದದ ಮೇಲೆ ಮೂಡಿದ್ದು, ಅಷ್ಟೆ. ಮಾರ್ಚ್ ತಿಂಗಳ ತಿದ್ದುಪಡಿಯಲ್ಲಿ ಅದು ಸರಿಹೋಯಿತು.

ಬೆರಳಚ್ಚಿನ ಸಾಧನ

ಗ್ರಾಮ ಒನ್ ಹಾಗೂ ಇತರ ಸೇವಾ ಕೇಂದ್ರಗಳಲ್ಲಿ ಆಧಾರ್ ದೃಢೀಕರಣಕ್ಕೆ ಬಳಸುವ ಬೆರಳಚ್ಚು ಸಾಧನಕ್ಕೆ ಡ್ರೈವರ್ ಒಂದೇ ಸಾಲದು. ಸಾಧನ ನೋಂದಾಯಿತ ಎಂದು ಖಾತರಿಪಡಿಸುವ ‘ಆರ್‌ಡಿ ಸರ್ವಿಸ್’ ಎಂಬ ತಂತ್ರಾಂಶವೂ ಹಿನ್ನೆಲೆಯಲ್ಲಿ ನಡೆಯುತ್ತಿರಬೇಕು. ಅಪ್‌ಡೇಟ್ ನಂತರ ಅದು ಆರಂಭವಾಗದಿದ್ದರೆ ದೀಪ ಹೊತ್ತಿಕೊಂಡಿದ್ದರೂ ಬೆರಳು ದಾಖಲಾಗುವುದಿಲ್ಲ. ಸರ್ವಿಸಸ್ ಪಟ್ಟಿಯಲ್ಲಿ ಅದನ್ನು ಮರುಚಾಲನೆ ಮಾಡಬೇಕು, ಇಲ್ಲವೇ ತಯಾರಕರ ತಾಣದಿಂದ ಹೊಸ ಆವೃತ್ತಿ ಹಾಕಬೇಕು.

ಕೆಲವೊಮ್ಮೆ ಅಪ್‌ಡೇಟ್ ನಿರಪರಾಧಿಯಾಗಿರುತ್ತದೆ. ಎಲ್-0 ವರ್ಗದ ಹಳೆಯ ಸಾಧನಗಳ ಬದಲು ಹೆಚ್ಚು ಸುರಕ್ಷಿತವಾದ ಎಲ್-1 ವರ್ಗದ ಸಾಧನ ಬಳಸುವಂತೆ ಆಧಾರ್ ಪ್ರಾಧಿಕಾರ ಸೂಚಿಸಿದೆ. ಸಾಧನ ಹಳೆಯ ವರ್ಗದ್ದಾಗಿದ್ದರೆ ಎಷ್ಟು ಡ್ರೈವರ್ ಬದಲಿಸಿದರೂ ಫಲವಿಲ್ಲ. ಪಿಂಚಣಿ, ಪಡಿತರಕ್ಕಾಗಿ ಬಂದ ವೃದ್ಧರನ್ನು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದು ಕಳುಹಿಸುವ ಮುನ್ನ ಕೇಂದ್ರದವರು ಈ ಎರಡನ್ನೂ ಪರಿಶೀಲಿಸುವುದು ಉಚಿತ.

ಯಂತ್ರವೇ ಏಳದಿದ್ದರೆ

ಅಪ್‌ಡೇಟ್ ನಂತರ ವಿಂಡೋಸ್ ಆರಂಭವೇ ಆಗದಿದ್ದರೂ ಗಾಬರಿ ಬೇಡ. ಕೆಲವು ಬಾರಿ ಆರಂಭ ವಿಫಲವಾದರೆ ಯಂತ್ರ ತಾನಾಗಿಯೇ ದುರಸ್ತಿ ಪರದೆಗೆ ಹೋಗುತ್ತದೆ. ಅಲ್ಲಿ ‘ಟ್ರಬಲ್‌ಶೂಟ್’, ನಂತರ ‘ಅಡ್ವಾನ್ಸ್ಡ್ ಆಪ್ಷನ್ಸ್’, ಆನಂತರ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಆರಿಸಿದರೆ ಕೊನೆಯದಾಗಿ ಬಂದ ಅಪ್‌ಡೇಟನ್ನು ಮಾತ್ರ ತೆಗೆಯಬಹುದು. ಕಡತಗಳಿಗೆ ಧಕ್ಕೆಯಾಗುವುದಿಲ್ಲ. ‘ಸಿಸ್ಟಮ್ ರಿಸ್ಟೋರ್’ ಮೊದಲೇ ಚಾಲೂ ಇದ್ದರೆ ಹಿಂದಿನ ದಿನದ ಸ್ಥಿತಿಗೂ ಮರಳಬಹುದು. ವಿಂಡೋಸ್ 10ರಿಂದ 11ಕ್ಕೆ ಏರಿದವರಿಗೆ ಹಿಂದಿರುಗಲು ಸಾಮಾನ್ಯವಾಗಿ 10 ದಿನಗಳ ಅವಕಾಶವಿರುತ್ತದೆ.

ನೀಲಿ ಪರದೆ 48 ಅಂಕಿಗಳ ಕೀಲಿ ಕೇಳಿದರೆ ಅದು ಬಿಟ್‌ಲಾಕರ್ ಎಂಬ ಗೂಢಲಿಪಿ ವ್ಯವಸ್ಥೆ. 2024ರ ಜುಲೈ ಅಪ್‌ಡೇಟ್ ಬಳಿಕ ಅನೇಕರು ಈ ಪರದೆ ಕಂಡು ಬೆಚ್ಚಿದ್ದರು. ಮೈಕ್ರೋಸಾಫ್ಟ್ ಖಾತೆ ಬಳಸುತ್ತಿದ್ದರೆ ಮೊಬೈಲಿನಿಂದ ಆ ಖಾತೆಗೆ ಪ್ರವೇಶಿಸಿ ಕೀಲಿಯನ್ನು ನೋಡಬಹುದು. ಆ ಕೀಲಿ ಇಲ್ಲದೆ ಡಿಸ್ಕ್‌ನಲ್ಲಿರುವ ಮಾಹಿತಿ ತೆರೆಯುವುದು ಯಾವ ಅಂಗಡಿಯವರಿಂದಲೂ ಸಾಧ್ಯವಿಲ್ಲ. ಯಂತ್ರ ಸರಿಯಿರುವಾಗಲೇ ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಜಾಣತನ.

ನಿಜವಾಗಿಯೂ ಕೆಟ್ಟಿದ್ದರೆ?

ಕಾಕತಾಳೀಯವೂ ಉಂಟು. ತಿಂಗಳುಗಟ್ಟಲೆ ಆರಿಸದೆ ನಡೆಸಿದ ಯಂತ್ರ ಅಪ್‌ಡೇಟ್ ನೆಪದಲ್ಲಿ ಮೊದಲ ಬಾರಿ ಮರುಚಾಲನೆಗೊಂಡಾಗ, ಒಳಗೇ ಇದ್ದ ದೌರ್ಬಲ್ಯ ಹೊರಬೀಳುತ್ತದೆ.

ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ನಾಣ್ಯದಾಕಾರದ ಸಿಆರ್ 2032 ಬ್ಯಾಟರಿ ಮುಗಿದಿದೆ. ದಿನಾಂಕ ತಪ್ಪಿದರೆ ಬ್ಯಾಂಕ್ ಹಾಗೂ ಸರ್ಕಾರಿ ತಾಣಗಳು ತೆರೆಯುವುದಿಲ್ಲ. ಜನ ಅಂತರಜಾಲ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಅಗ್ಗದ ಬ್ಯಾಟರಿಯೊಂದು ಇದಕ್ಕೆ ಮದ್ದು. ಆನ್ ಮಾಡಿದೊಡನೆ ಬೀಪ್ ಸದ್ದು ಬಂದು ಪರದೆ ಕಪ್ಪಾಗಿಯೇ ಉಳಿದರೆ ರ‍್ಯಾಮ್ ಪಟ್ಟಿಯನ್ನು ತೆಗೆದು, ಅದರ ಹೊಳೆಯುವ ಅಂಚನ್ನು ಶುಚಿಗೊಳಿಸಿ, ಗಟ್ಟಿಯಾಗಿ ಕೂರಿಸಬೇಕು. ಬಯಲುಸೀಮೆಯ ದೂಳಿಗೆ ಇದು ಪರಿಚಿತ ಕಾಯಿಲೆ. ಹಾರ್ಡ್‌ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಯಾವ ಪ್ರಯೋಗಕ್ಕೂ ಇಳಿಯದೆ ಮೊದಲು ಮಾಹಿತಿಯನ್ನು ಹೊರತೆಗೆಯಬೇಕು. ಅಪ್‌ಡೇಟ್ ನಡುವೆ ವಿದ್ಯುತ್ ಹೋದರೆ ವ್ಯವಸ್ಥೆಯ ಕಡತಗಳು ಹಾಳಾಗಬಹುದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಅಪ್‌ಡೇಟ್‌ಗೆ ಕೈಹಾಕದಿರುವುದೇ ಲೇಸು.

ಫಾರ್ಮ್ಯಾಟ್: ಕೊನೆಯ ಮದ್ದು

ಎಲ್ಲ ಪ್ರಯತ್ನ ಸೋತು ಫಾರ್ಮ್ಯಾಟ್ ಅನಿವಾರ್ಯವಾದರೆ, ಏನನ್ನು ಉಳಿಸಬೇಕು ಎಂಬ ಪಟ್ಟಿ ಮಾಲೀಕರ ಕೈಯಲ್ಲಿರಬೇಕು. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಮಾತ್ರ ನಕಲು ಮಾಡಿದರೆ ಸಾಲದು. ಟ್ಯಾಲಿ ಲೆಕ್ಕದ ದತ್ತಾಂಶ, ವೇಬ್ರಿಡ್ಜ್ ತಂತ್ರಾಂಶದ ದಾಖಲೆ, ಡಿಜಿಟಲ್ ಸಹಿಯ ಕಡತಗಳು, ತಂತ್ರಾಂಶಗಳ ಪರವಾನಗಿ ಸಂಖ್ಯೆಗಳು ಬೇರೆ ಕಡೆ ಇರುತ್ತವೆ.

ಕನ್ನಡಿಗರಿಗೆ ಇನ್ನೊಂದು ವಿಶೇಷ ಎಚ್ಚರಿಕೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಟೈಪ್ ಮಾಡಿದ ಕಡತಗಳು ಯೂನಿಕೋಡ್ ಅಲ್ಲ. ಫಾರ್ಮ್ಯಾಟ್ ಆದ ಯಂತ್ರದಲ್ಲಿ ಆ ಅಕ್ಷರ ವಿನ್ಯಾಸ ಇಲ್ಲದಿದ್ದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಕಡತ ಹಾಳಾಯಿತೆಂದು ಅಳಿಸಬಾರದು. ಹಳೆಯ ವಿನ್ಯಾಸವನ್ನು ಮತ್ತೆ ಹಾಕಿದರೆ ಕನ್ನಡ ಮರಳುತ್ತದೆ. ಬಿಡುವಿನಲ್ಲಿ ಅಂಥ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಂಡರೆ ಮುಂದೆ ಈ ಭಯವೇ ಇರದು.

ಹಾಗಾದರೆ ಅಪ್‌ಡೇಟ್ ಬೇಡವೇ?

ಇಷ್ಟೆಲ್ಲ ರಗಳೆ ಯಾಕೆ, ಅಪ್‌ಡೇಟನ್ನೇ ನಿಲ್ಲಿಸಿದರಾಯಿತು ಎಂಬ ವಾದವಿದೆ. ಅದಕ್ಕೆ 2017ರ ಮೇ 12ರಂದು ಹರಡಿದ ವನ್ನಾಕ್ರೈ ಕುತಂತ್ರಾಂಶವೇ ಉತ್ತರ. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಅದು ಒತ್ತೆಹಣ ಕೇಳಿತ್ತು. ಅದನ್ನು ತಡೆಯಬಲ್ಲ ಅಪ್‌ಡೇಟ್ ಎರಡು ತಿಂಗಳ ಮೊದಲೇ, ಮಾರ್ಚ್ 14ರಂದು ಬಂದಿತ್ತು. ಹಾಕಿಸಿಕೊಳ್ಳದವರು ತೊಂದರೆಗೆ ಸಿಲುಕಿದರು. ಪ್ರಿಂಟರ್ ಒಂದು ದಿನ ನಿಂತರೆ ನಷ್ಟ ಒಂದು ದಿನದ್ದು. ಇಡೀ ಲೆಕ್ಕವೇ ಬೀಗದೊಳಗೆ ಸೇರಿದರೆ ಚೇತರಿಕೆ ಕಷ್ಟ.

ನಿಲ್ಲಿಸುವ ಬದಲು ಸಮಯ ಆರಿಸಿಕೊಳ್ಳಬಹುದು. ಮೈಕ್ರೋಸಾಫ್ಟ್ ತನ್ನ ಮಾಸಿಕ ಭದ್ರತಾ ಅಪ್‌ಡೇಟನ್ನು ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುಗಡೆ ಮಾಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಒಂದು ವಾರದಿಂದ ಐದು ವಾರಗಳವರೆಗೆ ಅದನ್ನು ಮುಂದೂಡುವ ಅವಕಾಶವಿದೆ. ಒಂದೆರಡು ವಾರ ಕಾದರೆ ದೊಡ್ಡ ದೋಷಗಳಿದ್ದರೆ ಬೆಳಕಿಗೆ ಬಂದಿರುತ್ತವೆ. ನಾಲ್ಕು ಕಂಪ್ಯೂಟರ್ ಇರುವಲ್ಲಿ ಮೊದಲು ಒಂದಕ್ಕೆ ಹಾಕಿ, ಎರಡು ದಿನ ಪರೀಕ್ಷಿಸಿ, ನಂತರ ಉಳಿದವುಗಳಿಗೆ ಹಾಕುವುದು ಸೂಕ್ತ. ಸಂತೆಯ ದಿನ, ಸುಗ್ಗಿಯ ವಾರ, ಮಾರ್ಚ್ ಕೊನೆಯ ಲೆಕ್ಕದ ಹೊತ್ತು ಇದಕ್ಕೆ ಸಲ್ಲದು.

ವಿಂಡೋಸ್ 10 ಬಳಸುವವರು ಗಮನಿಸಬೇಕಾದ ಸಂಗತಿಯೂ ಇದೆ. 2015ರಲ್ಲಿ ಬಂದ ಆ ವ್ಯವಸ್ಥೆಗೆ ನಿಯಮಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ನೋಂದಾಯಿಸಿಕೊಂಡ ಗೃಹಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಕಂಪನಿ ಆಗ ಪ್ರಕಟಿಸಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಭದ್ರತಾ ಚಿಪ್, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಸಾಮರ್ಥ್ಯ ಹಾಗೂ ಇಂಟೆಲ್‌ನಲ್ಲಾದರೆ ಬಹುಮಟ್ಟಿಗೆ 8ನೇ ತಲೆಮಾರು ಅಥವಾ ನಂತರದ ಪ್ರೊಸೆಸರ್ ಬೇಕು. ಅಡ್ಡದಾರಿಗಳಿಂದ ಹಳೆಯ ಯಂತ್ರಕ್ಕೆ ಅದನ್ನು ಹಾಕಿಸಿದರೆ, ಮೇಲೆ ಹೇಳಿದ ತೊಡಕುಗಳನ್ನು ಮನೆಗೆ ಕರೆದಂತೆ. ಹಾಕಿಸುವ ಮುನ್ನ ಜೋಡಿಸಿರುವ ಪ್ರತಿ ಸಾಧನಕ್ಕೂ 64 ಬಿಟ್ ಡ್ರೈವರ್ ಲಭ್ಯವಿದೆಯೇ ಎಂದು ಮೊದಲು ನೋಡಬೇಕು. ಬರೀ ಬರವಣಿಗೆ, ಅಂತರಜಾಲಕ್ಕೆ ಬಳಸುವ ಹಳೆಯ ಯಂತ್ರವಾಗಿದ್ದರೆ ಉಚಿತವಾಗಿ ಸಿಗುವ ಲಿನಕ್ಸ್ ಕೂಡ ಒಳ್ಳೆಯ ಆಯ್ಕೆ.

ಗಿರಣಿಯ ಮುಂದಿನ ಸಾಲು ಕಂಪ್ಯೂಟರಿಗೆ ಕಾಯುವುದಿಲ್ಲ. ಆದರೆ ‘ಕಾಮ್ 3’ ಯಾವಾಗ ‘ಕಾಮ್ 5’ ಆಯಿತು ಎಂಬುದನ್ನು ನೋಡಲು ಐದು ನಿಮಿಷ ಸಾಕು. ಪೋರ್ಟ್ ಸಂಖ್ಯೆ, ಡ್ರೈವರಿನ ಆವೃತ್ತಿ, ಬಿಟ್‌ಲಾಕರ್ ಕೀಲಿ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಭದ್ರವಾಗಿಟ್ಟುಕೊಂಡರೆ, ಮುಂದಿನ ಅಪ್‌ಡೇಟ್ ಆದ ಮರುದಿನ ಬೆಳಿಗ್ಗೆಯೂ ಚೀಟಿ ಎಂದಿನಂತೆ ರೈತನ ಕೈ ಸೇರುತ್ತದೆ.